ಜರುಗದ ಬ್ರಾಕೆಟ್ಟು

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಮದ್ದೂರಿನಲ್ಲಿ ನನಗೊಂದು ಶೆಡ್ಡಿತ್ತು, ಅದರೊಳಗೆ ಕಬ್ಬಿಣ ಕಡೆಯಲು ನನಗಿಂತ ವಯಸ್ಸಾದ ಒಂದು ಲೇತು. ಕಬ್ಬಿನ ಗಾಣಗಳಿಗೆ ಬೋಲ್ಟು, ತಿರುಪು ಮಾಡಿಕೊಡುವುದು ನನ್ನ ಕಸುಬು. ಮಷೀನಿಗೆ ಹಾಕುವ ಎಣ್ಣೆ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಮನೆಯಲ್ಲಿ ಒಂದು ಮಡಕೆ ಹರಳೆಣ್ಣೆ ಇತ್ತು. ಹುಟ್ಟುವ ಮಗುವಿಗೆ ನೀರು ಹಾಕುವಾಗ ಹಚ್ಚಲೆಂದು ಅತ್ತೆ ಕಾಯಿಸಿ ಮಳವಳ್ಳಿಯಿಂದ ಕಳಿಸಿದ್ದು. ಮಗು ಹನ್ನೊಂದು ದಿನವೂ ಉಳಿಯಲಿಲ್ಲ. ಎಣ್ಣೆ ಮೂಲೆಯಲ್ಲಿ ಸುಮ್ಮನೆ ಕೂತಿತ್ತು. ಎತ್ತಿಕೊಂಡು ಹೋಗಿ ಲೇತಿಗೆ ಬಿಡತೊಡಗಿದೆ. ಹೆಂಡತಿಯನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲೂ ಇಲ್ಲ.

ಅವಳು ಶೆಡ್ಡಿಗೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಆಯುಧಪೂಜೆಗೆ. ಲೇತಿನ ಒಂದು ಭಾಗವನ್ನೂ ಬಿಡದೆ ಅರಿಸಿನ ಕುಂಕುಮ ಇಡುತ್ತಿದ್ದಳು. ಇಷ್ಟೊಂದು ಯಾಕೆ ಎಂದು ನಾನು ಗೊಣಗುತ್ತಿದ್ದೆ.

ಆ ವರ್ಷ ಪೂಜೆ ಕಳೆದು ಎರಡು ವಾರಕ್ಕೆ, ಒಂದು ತಿರುಪು ಕೊಯ್ಯಲು ಲೇತಿನ ಹಲ್ಲುಚಕ್ರಗಳನ್ನು ಬದಲಾಯಿಸಬೇಕಾಯಿತು. ಚಕ್ರಗಳನ್ನು ಹೊತ್ತ ಬ್ರಾಕೆಟ್ಟಿನ ಬೋಲ್ಟು ಸಡಿಲಿಸಿದರೆ ಅದು ಪಕ್ಕಕ್ಕೆ ಜರುಗಬೇಕು. ಜರುಗಲಿಲ್ಲ. ಸೀಮೆಎಣ್ಣೆ ಬಿಟ್ಟೆ, ಕೊಡತಿಯಲ್ಲಿ ಬಡಿದೆ. ಎರಕದ ಕಬ್ಬಿಣ, ಜೋರಾಗಿ ಬಡಿದರೆ ಸೀಳಿಹೋಗುತ್ತದೆ. ಬಗ್ಗಿ ನೋಡಿದರೆ ಸಂದಿಯಲ್ಲಿ ಕುಂಕುಮ ಕೆಂಪಗೆ ಕೂತಿತ್ತು. ನನಗೆ ಪಿತ್ತ ನೆತ್ತಿಗೇರಿತು.

ಮನೆಗೆ ಹೋಗಿ, ಮುದ್ದೆ ತಿರುವುತ್ತಿದ್ದವಳ ಬೆನ್ನಿಗೆ ಅಂದೆ: “ನಿನ್ ಕೈ ತಗುಲಿದ್ದು ಒಂದಾದ್ರೂ ನೆಟ್ಟಗೆ ಉಳ್ದದಾ?”

ಲೇತಿನ ವಿಷಯವೇ ಆಡಿದ್ದು ನಾನು. ಆದರೆ ಬಾಯಿಂದ ಹೊರಬಿದ್ದ ಮೇಲೆ ಅದು ಯಾವ ಮಾತಾಯಿತೆಂದು ಇಬ್ಬರಿಗೂ ಗೊತ್ತಾಯಿತು. ಅವಳು ತಿರುಗಿ ನೋಡಲಿಲ್ಲ. ನನಗೆ ಬಡಿಸಿ, ಮಾರನೆಯ ಬೆಳಿಗ್ಗೆ ಮಳವಳ್ಳಿ ಬಸ್ಸು ಹತ್ತಿದಳು.

ಆ ದಿನಗಳು ಹೇಗೆ ಹೋದವೋ. ಒಬ್ಬನಿಗೆ ಎಷ್ಟು ಹಿಟ್ಟೆಂದು ತಿಳಿಯದೆ ಇಬ್ಬರಿಗಾಗುವಷ್ಟು ಮುದ್ದೆ ಮಾಡಿ, ಉಳಿದದ್ದನ್ನು ಬೀದಿನಾಯಿಗೆ ಹಾಕುತ್ತಿದ್ದೆ. ಶೆಡ್ಡಿನಲ್ಲಿ ಆ ಬ್ರಾಕೆಟ್ಟು, ಮನೆಯಲ್ಲಿ ಅವಳಿಲ್ಲದ ಒಲೆ. ಕರೆಯಲು ಹೋಗೋಣವೆಂದರೆ ತಪ್ಪು ಅವಳದಲ್ಲವೇ ಎಂಬ ಹಟ. ನಿಜ ಹೇಳಬೇಕೆಂದರೆ ನನಗೆ ಅಳು ಬರುತ್ತಿತ್ತು.

ಒಂಬತ್ತನೆಯ ದಿನ ಸಂದಿಯ ಕುಂಕುಮ ಕೆರೆಯಲು ಮೊಳೆ ಹಿಡಿದು ಕೂತೆ. ಕೆರೆಯುವ ಮೊದಲು ಧೂಳು ಹೋಗಲೆಂದು ಉಫ್ ಎಂದು ಊದಿದೆ. ಕುಂಕುಮವೆಲ್ಲ ಹಾರಿಹೋಯಿತು. ಬರೀ ಒಣ ಪುಡಿ. ಹಾಗಾದರೆ ಹಿಡಿದಿರುವುದು ಏನು? ಕುಲುಮೆಯಲ್ಲಿ ಕಾಯಿಸಿದ ಸಲಾಕೆಯನ್ನು ಬ್ರಾಕೆಟ್ಟಿನ ಬುಡಕ್ಕೆ ಒತ್ತಿ ಹಿಡಿದೆ. ಒಳಗಿನಿಂದ ಜೋನಿಬೆಲ್ಲದಂಥದ್ದು ಮೆಲ್ಲಗೆ ಒಸರಿತು. ಹರಳೆಣ್ಣೆಯ ವಾಸನೆ ಶೆಡ್ಡಿನ ತುಂಬ ಹರಡಿತು. ನಾನೇ ಎರಡು ವರ್ಷ ಬಿಟ್ಟ ಎಣ್ಣೆ ಅಲ್ಲಿ ಗೋಂದಾಗಿ ಕೂತಿತ್ತು. ಬೆರಳಿನಲ್ಲಿ ತಳ್ಳಿದೆ, ಬ್ರಾಕೆಟ್ಟು ಜರುಗಿತು. ತಿರುಪು ಕೊಯ್ಯಲು ನಿಲ್ಲದೆ ಬಸ್ಸಿಗೆ ಓಡಿದೆ.

ಪೆಟ್ರೋಲು ಸಿಗದೆ ಇದ್ದಿಲು ಉರಿಸಿ ಓಡಿಸುತ್ತಿದ್ದ ಆ ಬಸ್ಸು ಏದುಸಿರು ಬಿಡುತ್ತ ಮಳವಳ್ಳಿ ಸೇರುವಾಗ ಮಧ್ಯಾಹ್ನವಾಗಿತ್ತು. ಅವಳು ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದಳು.

“ಕುಂಕುಮ ಅಲ್ಲ ಕಣಮ್ಮಿ. ನನ್ನೆಣ್ಣೆ ಅಂಟ್ಕಂಡಿತ್ತು” ಅಂದೆ.

“ನಿಮ್ಮೆಣ್ಣೆ ಅಲ್ಲ” ಅಂದಳು. “ಮಗೀದು.”

ಸೊಪ್ಪಿನ ಕಡ್ಡಿ ಮುರಿಯುತ್ತ ಕೇಳಿದಳು: “ಮಡಕೇಲಿ ಇನ್ನೂ ಐತಾ?”

“ಎಲ್ಲ ಮುಗುದೋಯ್ತು.”

ಅವಳು ತಲೆಯಾಡಿಸಿದಳು. “ಓಗಿ. ಮನಸಾದಾಗ ಬತ್ತೀನಿ.”

ಸಂಕ್ರಾಂತಿ ಕಳೆದ ಮೇಲೆ ಬಂದಳು. ಅಡಿಗೆ ಮಾಡಿದಳು, ನನ್ನೊಡನೆ ಮಾತನಾಡಿದಳು. ಶೆಡ್ಡಿನ ಹೊಸಿಲನ್ನು ಮಾತ್ರ ಮತ್ತೆಂದೂ ತುಳಿಯಲಿಲ್ಲ. ಆಯುಧಪೂಜೆಯ ದಿನ ತಟ್ಟೆಯಲ್ಲಿ ಕುಂಕುಮ ಕಲಸಿ ಬಾಗಿಲಿನ ಹೊರಗೇ ನನ್ನ ಕೈಗೆ ಕೊಡುತ್ತಿದ್ದಳು. ಒಳಗೆ ಹೋಗಿ ನಾನೊಬ್ಬನೇ ಇಡುತ್ತಿದ್ದೆ, ಬ್ರಾಕೆಟ್ಟಿಗೂ ಇಡುತ್ತಿದ್ದೆ. ಅದು ಮತ್ತೆಂದೂ ಹಿಡಿದುಕೊಳ್ಳಲಿಲ್ಲ.