ನಾನು ಒದೆಯುತ್ತಿದ್ದ ಫಟಫಟಿ

ನಮ್ಮ ಮನೆಗೆ ಫಟಫಟಿ ಬಂದದ್ದು ತಾನಾಗಿ ಓಡಿಕೊಂಡಲ್ಲ, ಲಾರಿ ಹತ್ತಿ. ಬೆಳಗಾವಿಯಲ್ಲಿ ಕಟ್ಟಿಗೆ ಇಳಿಸಿ ಖಾಲಿ ಮರಳುತ್ತಿದ್ದ ಲಾರಿಯಲ್ಲಿ, ಮೈತುಂಬ ಹಗ್ಗ ಬಿಗಿಸಿಕೊಂಡು, ಸಂತೆಯಿಂದ ತಂದ ಮೊಂಡು ಕೋಣದ ಹಾಗೆ ದಾಂಡೇಲಿಗೆ ಬಂದಿಳಿಯಿತು. ಮಿಲಿಟರಿಯವರು ಹರಾಜು ಹಾಕಿದ ಮೋಟಾರ್ ಸೈಕಲ್ಲು. ಯುದ್ಧ ಮುಗಿದು ಎಷ್ಟೋ ವರ್ಷವಾದರೂ ಅಂಥವು ಇನ್ನೂ ಬೆಳಗಾವಿಯ ಗ್ಯಾರೇಜುಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದವು. ಹಸಿರು ಬಣ್ಣದ ಮೇಲೆ ಯಾರೋ ಕರಿ ಬಣ್ಣ ಬಳಿದಿದ್ದರು, ಅದರ ಮೇಲೆ ಇನ್ನ್ಯಾರೋ ಕೆಂಪು. ಉಗುರಿನಿಂದ ಕೆರೆದರೆ ಒಬ್ಬೊಬ್ಬ ಮಾಲೀಕನೂ ಎದ್ದು ಬರುತ್ತಿದ್ದ.

ಅರವತ್ತರ ದಶಕದ ಮೊದಲ ವರ್ಷಗಳವು. ಪೇಪರ್ ಮಿಲ್ಲಿನ ಸಾಲುಮನೆಗಳ ಚಾಳಿನಲ್ಲಿ ನಾನು, ನಮ್ಮವರು, ಅತ್ತೆ, ಮೂವರೇ ಇದ್ದೆವು. ನನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮಿಲ್ಲಿಗೆ ಬಿದಿರು ಕಳಿಸುವ ಕಾಡಿನ ಡಿಪೊಗಳ ಮೇಲ್ವಿಚಾರಣೆ ನಮ್ಮವರಿಗೆ ಹೊಸದಾಗಿ ಬಂದಿತ್ತು. ಜೊಯಿಡಾ ಕಡೆಯ ಆ ದಾರಿಗೆ ಬಸ್ಸು ಬಂದರೆ ಬಂತು, ಇಲ್ಲವಾದರೆ ಇಲ್ಲ. ಅದಕ್ಕೇ ಈ ಗಾಡಿ.

ಅತ್ತೆ ಚಕ್ರಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ಎಲ್ಲರೂ ಹ್ಯಾಂಡಲ್ಲು, ಸೀಟು, ದೊಡ್ಡ ಕಣ್ಣಿನಂಥ ದೀಪ ನೋಡುತ್ತಿದ್ದರೆ ನಾನು ಬಗ್ಗಿ ಇಂಜಿನ್ನು ನೋಡುತ್ತಿದ್ದೆ. ಹಳಿಯಾಳದಲ್ಲಿ ನಮ್ಮಪ್ಪನದು ಹಿಟ್ಟಿನ ಗಿರಣಿ. ಇಂಜಿನ್ನಿನ ಸಪ್ಪಳ ಕೇಳುತ್ತಲೇ ನಾನು ನಿದ್ದೆ ಮಾಡಲು ಕಲಿತವಳು. ಇದನ್ನು ಕಂಡದ್ದೇ ನನಗೆ ಆಸೆ ಹತ್ತಿತು. ನೋಡುವ ಆಸೆಯಲ್ಲ, ಓಡಿಸುವ ಆಸೆ. ಹೊಸ ಸೊಸೆ ಇಂಥದ್ದನ್ನು ಬಾಯಿ ಬಿಟ್ಟು ಹೇಳಬಾರದು ಎಂಬ ಬುದ್ಧಿ ನನಗೆ ಇರಲಿಲ್ಲ. ಅಲ್ಲೇ ಹೇಳಿಬಿಟ್ಟೆ.

"ನಾನೂ ಕಲೀತೇನ್ರಿ ಇದನ್ನ."

ಚಾಳಿನ ಗಂಡಸರೆಲ್ಲ ನಕ್ಕರು. ನಮ್ಮವರೂ ನಕ್ಕರು, ಆದರೆ ಕಿವಿ ಕೆಂಪಾಗಿತ್ತು. "ಮದಲ ನಾ ಕಲೀತೇನಿ, ತಡಿ" ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ಮಾರಿದವನು ಒಂದೇ ಒದೆತಕ್ಕೆ ಸುರು ಮಾಡಿ ತೋರಿಸಿದ್ದನಂತೆ. ನಮ್ಮಂಗಳದಲ್ಲಿ ಅದು ಕಿಮಕ್ ಎನ್ನಲಿಲ್ಲ. ನಮ್ಮವರು ಒದ್ದರು. ಪಕ್ಕದ ಮನೆಯ ಕಾಕಾ ಒದ್ದರು. ಪಾಳಿ ಮುಗಿಸಿ ಬಂದವರೆಲ್ಲ ದೇವರಿಗೆ ಕೈ ಮುಗಿದಂತೆ ಒಂದೊಂದು ಒದ್ದು ಮನೆಗೆ ಹೋದರು. ಕೊನೆಗೆ ನಮ್ಮವರು ಸಿಟ್ಟಿನಿಂದ ಇನ್ನೊಮ್ಮೆ ತುಳಿದಾಗ ಕಿಕ್ಕು ತಿರುಗಿ ಹೊಡೆಯಿತು. ಗಾಡಿಯೇ ಅವರನ್ನು ಒದ್ದಿತು ಅನ್ನಿ. ಮೊಣಕಾಲಿನ ಕೆಳಗೆ ಬದನೆಕಾಯಿಯಷ್ಟು ಬಾವು ಬಂತು.

"ಗಾಡಿನ ಸರಿ ಇಲ್ಲ" ಎಂದು ಕುಂಟುತ್ತ ಕಟ್ಟೆಯ ಮೇಲೆ ಕೂತರು.

"ಕುಣಿಯಾಕ ಬರಲಾರದಾಕಿ ನೆಲಾ ಡೊಂಕ ಅಂದಿದ್ಳಂತ" ಎಂದು ಅತ್ತೆ ಅರಿಷಿಣ ಬಿಸಿ ಮಾಡಲು ಒಳಗೆ ಹೋದರು. ಮಗನೆಂದು ಅವರು ಮುಲಾಜು ನೋಡುವವರಲ್ಲ.

ಹ್ಯಾಂಡಲ್ಲಿನ ಎಡಗಡೆ ಒಂದು ಸಣ್ಣ ಹಿಡಿ ಇತ್ತು. ನನ್ನ ಕಣ್ಣೆಲ್ಲ ಅದರ ಮೇಲೆ. "ಅದು ಯಾತರದ್ರಿ?" ಎಂದು ಕೇಳಿದೆ. ಮಿಲಿಟರಿ ಗಾಡಿಯಲ್ಲವೇ, ಗುಂಡು ಹಾರಿಸುವುದಿರಬೇಕು ಎಂದು ಪಕ್ಕದ ಕಾಕಾ ಗಂಭೀರವಾಗಿ ಹೇಳಿದರು. ಅವತ್ತಿನಿಂದ ಅವರ ಮಕ್ಕಳು ಗಾಡಿಯ ಮುಂದೆ ಸುಳಿಯಲಿಲ್ಲ.

"ಅಲ್ರೀ, ಅದು ಗಾಡಿ ನಿಲ್ಲಸೂ ಹಿಡಿ. ಮಾರಿದಾಂವ ಹೇಳ್ಯಾನ. ಎಳದ್ರ ಇಂಜಿನ್ ಬಂದ್ ಆಗ್ತೈತಿ" ಎಂದರು ನಮ್ಮವರು. "ಚಾಲೂ ಮಾಡೂ ಮುಂದ ನಿಲ್ಲಸೂ ಹಿಡಿ ಮುಟ್ಟೂದರಾಗ ಏನ ಅರ್ಥ ಐತಿ?"

ಮಾತು ತರ್ಕಕ್ಕೆ ಸರಿಯಾಗಿಯೇ ಇತ್ತು. ಆದರೂ ನನಗೆ ಸಮಾಧಾನವಾಗಲಿಲ್ಲ. ಅಪ್ಪನ ಗಿರಣಿಯ ಇಂಜಿನ್ನಿಗೂ ನೆತ್ತಿಯ ಮೇಲೆ ಒಂದು ಹಿಡಿ ಇತ್ತು. ಅಪ್ಪ ಹ್ಯಾಂಡಲ್ ಹಾಕಿ ದೊಡ್ಡ ಚಕ್ರ ತಿರುಗಿಸುವಾಗ ಅದನ್ನು ಎತ್ತಿ ಹಿಡಿಯುವುದು, ಅವನು "ಬಿಡು" ಅಂದಾಗ ಬಿಡುವುದು ಚಿಕ್ಕಂದಿನಲ್ಲಿ ನನ್ನ ಕೆಲಸ. ಹಿಡಿ ಎತ್ತಿದರೆ ಇಂಜಿನ್ನಿನ ಹೊಟ್ಟೆಯಲ್ಲಿ ಕಟ್ಟಿಕೊಂಡ ಉಸಿರು ಹೊರಗೆ ಹೋಗುತ್ತದೆ, ಚಕ್ರ ಹಗುರಾಗುತ್ತದೆ. ಓಡುವಾಗ ಎತ್ತಿದರೆ ಅದೇ ಹಿಡಿ ಇಂಜಿನ್ನನ್ನು ನಿಲ್ಲಿಸುತ್ತದೆ ಕೂಡ. ನಿಲ್ಲಿಸುವುದೂ ಅದೇ, ಹೊರಡಿಸುವುದೂ ಅದೇ. ಇದೂ ಹಾಗೆಯೇ ಇರಬಹುದೇ ಎಂಬ ಯೋಚನೆಯಲ್ಲಿ ಆ ದಿನದ ಸಾರಿಗೆ ಉಪ್ಪು ಹಾಕಲಿಲ್ಲ.

ಮರುದಿನ ನಮ್ಮವರು ಕುಂಟುತ್ತಲೇ ಯಾರದೋ ಲಾರಿ ಹತ್ತಿ ಡಿಪೊಗೆ ಹೋದರು. ನಾನು ಸೀರೆ ಎತ್ತಿ ಕಚ್ಚೆ ಹಾಕಿದೆ. ಕಾಲುಂಗುರದ ಮೇಲೆ ಅವರ ಹಳೇ ಬೂಟು ಮೆಟ್ಟಿದೆ. ಸಣ್ಣ ಹಿಡಿ ಎಳೆದು ಕಿಕ್ಕನ್ನು ಮೆಲ್ಲಗೆ ಒತ್ತಿದರೆ ಒಳಗಿನಿಂದ ಫುಸ್ ಎಂದು ಉಸಿರು ಬಂತು. ಅದೇ ಉಸಿರು! ಅಪ್ಪನ ಗಿರಣಿಯದೇ! ಸಂತೋಷಕ್ಕೆ ಅಲ್ಲೇ ಕುಣಿಯಬೇಕು ಅನಿಸಿತು. ಇನ್ನಷ್ಟು ಒತ್ತಿ, ಹಿಡಿ ಬಿಟ್ಟು, ಮೈಭಾರವನ್ನೆಲ್ಲ ಹಾಕಿ ಒದ್ದೆ.

ಇಡೀ ಚಾಳು ಬೆಚ್ಚಿಬಿತ್ತು. ಅತ್ತೆಯ ಕೈಯ ಮೊರ ಜಾರಿ ಜೋಳವೆಲ್ಲ ಅಂಗಳಕ್ಕೆ ಚೆಲ್ಲಿತು. ಈಗ ಬೈಗುಳ ಸುರುವಾಗುತ್ತದೆ ಅಂದುಕೊಂಡೆ. ಅತ್ತೆ ಸೆರಗು ಬಾಯಿಗೆ ಹಿಡಿದು ಹತ್ತಿರ ಬಂದು, ನಡುಗುತ್ತಿದ್ದ ಪೆಟ್ರೋಲ್ ಟಾಕಿಯ ಮೇಲೆ ಎರಡು ಬೆರಳಿಟ್ಟು ನೋಡಿದರು.

"ಜೀವ ಐತ್ಯಲ್ಲ ಯವ್ವಾ ಇದಕ್ಕ" ಎಂದರು.

ಹೀಗೆ ಸುರು ಮಾಡುವ ಕೆಲಸ ನನ್ನದಾಯಿತು. ನಮ್ಮವರಿಗೆ ನಾನು ಕಲಿಸಲಿಲ್ಲ ಅಂತಲ್ಲ. ಎಲ್ಲ ಸರಿಯಾಗಿ ಮಾಡುತ್ತಿದ್ದರು, ಕೊನೆಯ ಗಳಿಗೆಯಲ್ಲಿ ಕಾಲು ಹಿಂಜರಿಯುತ್ತಿತ್ತು. ಒಮ್ಮೆ ಪೆಟ್ಟು ತಿಂದ ಕಾಲು, ಅದರ ಹೆದರಿಕೆ ಅದಕ್ಕೆ. ಅರೆಮನಸ್ಸಿನ ಒದೆತ ಆ ಗಾಡಿಗೆ ನಾಟುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆ ಅವರು ಸೀಟಿನ ಮೇಲೆ ಕೂತು ಹಿಡಿ ಎಳೆಯುವುದು, ನಾನು ಬಲಗಡೆ ನಿಂತು ಒದೆಯುವುದು, ಅವರು ಹೊರಡುವುದು. ಸಂಜೆ ಡಿಪೊದಿಂದ ಹೇಗೆ ಹೊರಡುತ್ತಾರೆಂದು ಎಷ್ಟು ಕೇಳಿದರೂ ಹೇಳುತ್ತಿರಲಿಲ್ಲ. ಇಳಿಜಾರು ಹುಡುಕಿ ನಿಲ್ಲಿಸಿ, ಉರುಳಿಸಿಕೊಂಡು ಸುರು ಮಾಡುತ್ತಾರೆಂದು ಲಾರಿಯವನೊಬ್ಬ ಬಾಯಿಬಿಟ್ಟ. ನಮ್ಮ ಚಾಳಿನ ಮುಂದೆ ನೆಲ ಸಪಾಟು, ಅದು ನನ್ನ ಪುಣ್ಯ.

ಜನರ ಬಾಯಿಗೆ ಇದಕ್ಕಿಂತ ಬೇರೆ ತಾಂಬೂಲ ಬೇಕೇ? "ಹೆಂಡ್ತಿ ಕಡೆ ಒದಿಸಿಕೊಂಡು ಡ್ಯೂಟಿಗೆ ಹೋಗಾವ" ಎಂದು ನಮ್ಮವರಿಗೆ ಹೆಸರು ಬಿತ್ತು. "ಇವತ್ತ ಎಷ್ಟ ಬಿದ್ದೂ ರೀ?" ಎಂದು ಎದುರುಮನೆಯವರು ಹಲ್ಲುಜ್ಜುತ್ತ ಕೇಳುತ್ತಿದ್ದರು. ನಮ್ಮವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅವರದು ಯಾವ ನಗು ಎಂದು ಆಗ ನೋಡಲಿಲ್ಲ.

ಗಾಡಿಯ ಆರೈಕೆಯೂ ನನ್ನ ಪಾಲಿಗೇ ಬಂತು, ನಾನೇ ಮೇಲೆ ಬಿದ್ದು ತೆಗೆದುಕೊಂಡೆ. ಬಿಚ್ಚಿದರೆ ಒಳಗೆ ಏನಿದೆ ಎಂದು ನೋಡದೆ ನನಗೆ ಊಟ ಸೇರುತ್ತಿರಲಿಲ್ಲ. ಕೆಂಪು ಧೂಳು ಎಲ್ಲಿ ಬೇಕಾದರೂ ನುಗ್ಗುತ್ತಿತ್ತು. ಪೆಟ್ರೋಲನ್ನು ಅತ್ತೆಯ ಹಳೇ ಸೀರೆಯ ತುಂಡಿನಲ್ಲಿ ಸೋಸಿ ಹಾಕುತ್ತಿದ್ದೆ. ಮಳೆಗಾಲದಲ್ಲಿ ಪ್ಲಗ್ಗು ತಂಪು ಹಿಡಿದರೆ ಒಲೆಯ ಕೆಂಡದ ಬದಿಗೆ ಇಟ್ಟು, ಇಕ್ಕಳದಿಂದ ಎತ್ತಿ ಬಿಸಿಯಿರುವಾಗಲೇ ತಿರುಪುತ್ತಿದ್ದೆ. ಗೇರಿನ ಪೆಟ್ಟಿಗೆಯ ಮುಚ್ಚಳದಿಂದ ಆಯಿಲ್ಲು ಸೋರಿತು. ಸೋರದಂತೆ ನಡುವೆ ಕೂರಿಸುವ ಪ್ಯಾಕಿಂಗು ಬೆಳಗಾವಿಯಿಂದ ಬರಬೇಕು ಎಂದರು. ಕಾಗದದ ಊರಿನಲ್ಲಿ ಕೂತು ಕಾಗದದ ಪ್ಯಾಕಿಂಗಿಗೆ ಬೆಳಗಾವಿಯ ದಾರಿ ಕಾಯುವುದೇ? ಚಾಳಿನ ಯಾವ ಮನೆಯಲ್ಲಿ ನೋಡಿದರೂ ಮಿಲ್ಲಿನ ರದ್ದಿ. ತೆಳ್ಳಗಿನದು ಹರಿಯಿತು, ಒರಟಿನದು ಆಯಿಲ್ಲು ಕುಡಿದು ಉಬ್ಬಿತು. ಕೊನೆಗೆ ಸರಿಹೊಂದಿದ್ದು ನಮ್ಮದೇ ಮದುವೆಯ ಕಾರ್ಡು. ಔಡಲೆಣ್ಣೆಯಲ್ಲಿ ನೆನೆಸಿ, ಮುಚ್ಚಳದ ಅಂಚಿನ ಮೇಲಿಟ್ಟು ಸುತ್ತಲೂ ತಟ್ಟಿದರೆ ಬೇಕಾದ ಆಕಾರ ತಾನೇ ಕತ್ತರಿಸಿ ಬಂತು.

"ವಧು-ವರರ ಹೆಸರು ಎಣ್ಯಾಗ ಮುಳಗಿದೂ" ಎಂದರು ನಮ್ಮವರು.

"ಸೋರೂದು ನಿಂತಿತಿಲ್ರಿ?" ಎಂದೆ.

ಆಮೇಲೆ ಮರೆಯದೆ ಕೇಳುತ್ತಿದ್ದೆ, "ನನಗೊಂದಿಷ್ಟು ಓಡಸಾಕ ಕೊಡ್ರಿ." ಮಳೆ ನಿಲ್ಲಲಿ ಎಂದರು. ನಿಂತಿತು. ಧೂಳು ಬಹಳ ಎಂದರು. ಜನ ನೋಡುತ್ತಾರೆ ಎಂದರು. ನಾನು ಬೂಟು ಹಾಕಿಕೊಂಡು ಒದೆಯುವುದನ್ನು ಜನ ನೋಡುವುದಿಲ್ಲವೇ ಎಂದು ಒಂದು ದಿನ ನಾನೂ ಏರುದನಿಯಲ್ಲೇ ಕೇಳಿದೆ. ಆಗ ಅವರು ಕೈಯಲ್ಲಿದ್ದ ಚಹದ ಬಟ್ಟಲು ಕೆಳಗಿಟ್ಟರು.

"ಒದಿಯೂದು ನೀನು. ಬಿಚ್ಚೂದು ನೀನು, ಕೂಡ್ಸೂದು ನೀನು. ಓಡಸೂದೂ ನೀನ ಆದ್ರ ನಾ ಯಾತಕ್ಕ?"

ಸಿಟ್ಟಿನಿಂದ ಅಂದಿದ್ದರೆ ತಿರುಗಿ ಅನ್ನುತ್ತಿದ್ದೆ. ಅವರು ನಿಜವಾಗಿಯೂ ಕೇಳುತ್ತಿದ್ದರು. ಒಳಗೆ ಹೋಗಿ ರೊಟ್ಟಿ ತಟ್ಟಿದೆ. ಅಯ್ಯೋ ಪಾಪ ಅನಿಸಿತು, ಹಾಗೆಯೇ ಹೊಟ್ಟೆಯೂ ಉರಿಯಿತು. ಅವರ ನೋವಿಗೆ ನನ್ನ ಆಸೆಯೇ ಏಕೆ ಬಲಿಯಾಗಬೇಕು?

ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ಬೆಳಿಗ್ಗೆ ಒದ್ದು ಕಳಿಸುತ್ತಿದ್ದೆ, ಅಷ್ಟೇ. ಮಾತಿಗೆ ಮಾತು, ಊಟಕ್ಕೆ ಊಟ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಅವರೇ ಒಮ್ಮೊಮ್ಮೆ ಗಾಡಿಯ ಹತ್ತಿರ ನಿಂತು ನಾನು ಇನ್ನೇನು ಕೇಳುತ್ತೇನೆಂದು ಕಾಯುತ್ತಿದ್ದರು. ಕೇಳದಿದ್ದಾಗ ಮುಖ ಸಣ್ಣದು ಮಾಡಿಕೊಂಡು ಹೊರಡುತ್ತಿದ್ದರು.

ಬಿದಿರು ಹೇಗೆ ಒಟ್ಟುತ್ತಾರೆ ನೋಡುವೆಯಂತೆ ಬಾ ಎಂದು ಒಂದು ರಜೆಯ ದಿನ ಕರೆದರು. ಒದ್ದು, ಬೂಟು ಕಾಲಲ್ಲೇ ಇರುವಂತೆ ಹಿಂದೆ ಕೂತೆ. ಡಿಪೊದಲ್ಲಿ ಯಾರೂ ಇರಲಿಲ್ಲ. ಮನೆಯೆತ್ತರ ಬಿದಿರಿನ ಒಟ್ಟಿಲುಗಳ ನಡುವೆ ಅಗಲವಾದ ಬಯಲು. ನಮ್ಮವರು ಇಂಜಿನ್ನು ನಿಲ್ಲಿಸಲಿಲ್ಲ. ತಾವು ಇಳಿದು, ಗಾಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಬೇರೆ ಕಡೆ ನೋಡುತ್ತ ಹೇಳಿದರು.

"ಕೂಡು."

ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ, ಕ್ಲಚ್ಚನ್ನು ಮೆಲ್ಲಗೆ ಬಿಡು ಎಂದು ಹೇಳಿಕೊಟ್ಟರು. ಅಷ್ಟು ದಿನ ಬಿಚ್ಚಿ ಜೋಡಿಸಿದವಳಿಗೆ ಇದೇನು ಮಹಾ ಅಂದುಕೊಂಡಿದ್ದೆ. ಗಾಡಿ ಎಗರಿ ಎಗರಿ ಬಿತ್ತು. ಹ್ಯಾಂಡಲ್ಲು ನಾನು ಹೇಳಿದ ಕಡೆ ತಿರುಗಲಿಲ್ಲ. ಈ ಭಾರವನ್ನು ಅವರು ಕೆಸರಿನಲ್ಲಿ, ಕಲ್ಲಿನ ಮೇಲೆ ದಿನವೂ ಸಂಭಾಳಿಸುತ್ತಾರಲ್ಲ ಎಂದು ಮೊದಲ ಸಲ ಗೊತ್ತಾಯಿತು. ಅವರು ಕ್ಯಾರಿಯರ್ ಹಿಡಿದು ಜೊತೆಗೆ ಓಡುತ್ತಿದ್ದರು, "ನೆಲಾ ನೋಡಬ್ಯಾಡ, ಮುಂದ ನೋಡು, ಮುಂದ!" ಎಂದು ಕೂಗುತ್ತಿದ್ದರು. ಯಾವಾಗ ಕೈ ಬಿಟ್ಟರೋ ತಿಳಿಯಲಿಲ್ಲ. ಬಯಲು ಮುಗಿದು ರಸ್ತೆ ಬಂತು. ನಾನು ಹೋಗುತ್ತಿದ್ದೆ.

ತಿರುಗಿಸುವುದು ಹೇಗೆಂದು ಕಲಿತಿರಲಿಲ್ಲ, ಅದಕ್ಕೇ ಮುಂದಕ್ಕೆ ಹೋದೆ. ಕಲಿತಿದ್ದರೂ ತಿರುಗಿಸುತ್ತಿರಲಿಲ್ಲ, ಸತ್ಯ ಹೇಳುತ್ತೇನೆ. ಸೆರಗು ಬಿಚ್ಚಿ ಹಾರುತ್ತಿತ್ತು, ಬಾಯಿಯೊಳಗೆ ಧೂಳು ಹೋಗುತ್ತಿತ್ತು, ನಾನು ಬಾಯಿ ಮುಚ್ಚದೆ ನಗುತ್ತಿದ್ದೆ. ಎರಡು ತಿರುವು ದಾಟಿ ಹಳ್ಳದ ಇಳುಕಲಿನಲ್ಲಿ ಹೆದರಿಕೆಯಾಗಿ ಬ್ರೇಕು ತುಳಿದೆ. ಕ್ಲಚ್ಚು ಮರೆತೆ. ಇಂಜಿನ್ನು ಗಪ್ಪನೆ ನಿಂತಿತು.

ಬಿದಿರು ಒಂದಕ್ಕೊಂದು ತಿಕ್ಕಿ ಕಿರಗುಟ್ಟುವುದೊಂದೇ ಸದ್ದು. ನಾನು ಅವಸರ ಮಾಡಲಿಲ್ಲ. ಇಳಿದು ನಿಂತು ಗಾಡಿಯನ್ನು ಸುತ್ತಲೂ ನೋಡಿದೆ, ಹೊಸದಾಗಿ ನೋಡಿದಂತೆ. ಹಳ್ಳದಲ್ಲಿ ಮುಖ ತೊಳೆದೆ. ಆಮೇಲೆ ಹ್ಯಾಂಡಲ್ಲು ಹಿಡಿದು, ಹಿಂದೆ ಮುಂದೆ ನೂಕಿ, ಬೆವರು ಸುರಿಸಿ ಅದರ ಮೂತಿಯನ್ನು ಡಿಪೊ ಕಡೆ ತಿರುಗಿಸಿದೆ. ಅಷ್ಟರಲ್ಲಿ ತಿರುವಿನಲ್ಲಿ ಯಾರೋ ಓಡಿ ಬರುವ ಸಪ್ಪಳ ಕೇಳಿತು.

ನಮ್ಮವರು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ನಾನು ನಿಂತಿದ್ದನ್ನು ಕಂಡು ರಸ್ತೆಯ ನಡುವೆಯೇ ಕುಕ್ಕರಿಸಿ ಕೂತರು.

"ಗಾಡಿಗೆ ಏನೂ ಆಗಿಲ್ರಿ" ಎಂದೆ.

"ಸುಡು ಆ ಗಾಡಿ" ಎಂದರು. "ಸಪ್ಪಳ ಕೇಳಕೋತ ನಿಂತಿದ್ದೆ. ಒಮ್ಮಿಗಲೆ ನಿಂತ ಬಿಡ್ತು. ನನ್ನ ಜೀವಾನ ಹೋತು ನೋಡು."

"ನಾ ದಿನಾ ಹಂಗ ನಿಂತಿರ್ತೇನಲ್ರಿ" ಎಂದೆ. ದೊಡ್ಡ ಮಾತೆಂದು ಹೇಳಲಿಲ್ಲ, ಇದ್ದದ್ದು ಹೇಳಿದೆ. "ನೀವು ನಾಕಾ ದಾಟಿದ ಮ್ಯಾಲ ಏರಿನ್ಯಾಗ ಸಪ್ಪಳ ಮಾಯ ಆಗ್ತೈತಿ. ಅದು ದೂರ ಹೋಗಿ ಕೇಳಲಿಲ್ಲೋ, ನಿಂತ ಬಿಡ್ತೋ, ತಿಳಿಯೂದಿಲ್ಲ. ಸಂಜಿತನಕಾ ತಿಳಿಯೂದಿಲ್ಲ."

ಅವರು ತಲೆಯೆತ್ತಿ ನನ್ನನ್ನು ನೋಡಿದರು.

"ದಿನಾ?"

"ದಿನಾ."

ಆಮೇಲೆ ಎದ್ದು ಪ್ಯಾಂಟು ಕೊಡವಿಕೊಂಡು, ನಾನು ಒದ್ದು ಸುರು ಮಾಡಿದ ಮೇಲೆ, ಹಿಂದಿನ ಸೀಟಿನ ಮೇಲೆ ಕೂತರು. ನಾನು ಹೆದರುತ್ತ, ಎತ್ತಿನ ಗಾಡಿಯ ವೇಗದಲ್ಲಿ ಓಡಿಸಿದೆ. ತಗ್ಗು ಬಂದಾಗ ಎಡಕ್ಕೆ, ಬಲಕ್ಕೆ ಎಂದು ಬೆನ್ನ ಮೇಲೆ ಬೆರಳಿನಿಂದ ತಿಳಿಸುತ್ತಿದ್ದರು. ಆ ದಾರಿಯ ಒಂದೊಂದು ತಗ್ಗೂ ಅವರಿಗೆ ಗೊತ್ತಿತ್ತು.

ಊರ ಹತ್ತಿರದ ನಾಕಾದ ಅಡ್ಡಗಂಬ ಕಂಡಿತು. ಪಾಳಿ ಬಿಡುವ ಹೊತ್ತು. ಆಚೆ ಮಿಲ್ಲಿನ ಜನ ಸೈಕಲ್ಲು ಹಿಡಿದು ಗುಂಪಾಗಿ ನಿಂತಿದ್ದರು, ಅದರಲ್ಲಿ ಎದುರುಮನೆಯವರೂ ಇದ್ದರು. ಇನ್ನು ನಿಲ್ಲಿಸು, ಇಳಿ ಎನ್ನುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಸರಿಯಾಗಿ ಕೂತರು.

"ಮುಂದ ನೋಡು" ಎಂದರು.