ಕೇಳಿ ಪಡೆದವಳು

ಸಿದ್ದಾಪುರದ ಹತ್ತಿರದ ಒಂದು ರೆಸಾರ್ಟಿನಲ್ಲಿ ನಾನು ರಿಸೆಪ್ಶನಿಸ್ಟ್ ಆಗಿದ್ದಾಗ ಅವಳು ರೂಮು ಗುಡಿಸುವ ಕೆಲಸಕ್ಕೆ ಸೇರಿದಳು. ಪಕ್ಕದ ಕಾಫಿ ಎಸ್ಟೇಟಿನಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್‌ಮನೆಯಲ್ಲಿ ಹುಟ್ಟಿ ಬೆಳೆದವಳು. ಬಂದ ಹೊಸದರಲ್ಲೇ ನನ್ನ ಮುಂದೆ ನಿಂತು, “ಅಕ್ಕಾ, ನಿಮ್ಮ ಕೆಲಸ ನನಗೆ ಸಿಗ್ಬೇಕಾದ್ರೆ ಏನು ಕಲೀಬೇಕು?” ಅಂದಳು.

“ನನ್ನನ್ನೇ ಓಡಿಸ್ತೀಯಾ?” ಅಂತ ನಕ್ಕೆ.

“ನೀವು ಯಾವಾಗ್ಲೂ ಇಲ್ಲೇ ಕೂತಿರ್ತೀರಾ?” ಅಂದಳು. ನಗಲಿಲ್ಲ.

ಮನೆಯ ತಮಿಳು, ನೆರೆಯವರ ಮಲಯಾಳ, ಶಾಲೆಯ ಕನ್ನಡ ಅವಳಿಗೆ ಸಲೀಸು. ಇಂಗ್ಲಿಷ್ ಮಾತ್ರ ಬಾಕಿ. ಊಟ ಬೇಗ ಮುಗಿಸಿ ಕೌಂಟರಿಗೆ ಬಂದು ಅತಿಥಿಗಳ ಜೊತೆ ತಪ್ಪುತಪ್ಪಾಗಿಯೇ ಮಾತಾಡುತ್ತಿದ್ದಳು. ಯಾರಾದರೂ ನಕ್ಕರೆ, ಸರಿಯಾಗಿ ಹೇಗೆ ಹೇಳಬೇಕೆಂದು ಅವರನ್ನೇ ಕೇಳುತ್ತಿದ್ದಳು. ಜೊತೆಯ ಹುಡುಗಿಯರು ‘ಮೇಡಂ’ ಎಂದು ಅಣಕಿಸಿದರೆ ಸಲೀಸಾಗಿ “ಏನು?” ಎಂದು ತಿರುಗುತ್ತಿದ್ದಳು.

ಒಂದು ಮಳೆಗಾಲದ ಬೆಳಿಗ್ಗೆ ರಸ್ತೆಗೆ ಅಡ್ಡ ದೊಡ್ಡ ಮರ ಬಿತ್ತು. ಮ್ಯಾನೇಜರ್ ಆಚೆ ಸಿಕ್ಕಿಹಾಕಿಕೊಂಡರು. ಈಚೆ ಒಂದು ಕುಟುಂಬ ಕಣ್ಣೂರಿನಲ್ಲಿ ವಿಮಾನ ಹಿಡಿಯಬೇಕಿತ್ತು. ಅವರ ಅಜ್ಜಿ ಅಳುತ್ತಾ ಕೂತಿದ್ದರು. ನಾನು ಸುಮ್ಮನೆ ಫೋನು ಹಿಡಿದು ನಿಂತಿದ್ದೆ. ಅವಳು ಪೊರಕೆ ಬದಿಗಿಟ್ಟು, ತನ್ನ ತಾಯಿ ಕಾಫಿ ಹಣ್ಣು ಕೀಳಲು ಹೋಗುವ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಿಗೆ ಫೋನು ಮಾಡಿದಳು. ಗೇಟು ತೆರೆಸಿ, ಜೀಪು ತರಿಸಿ, ತೋಟದೊಳಗಿನ ದಾರಿಯಲ್ಲಿ ಅವರೆಲ್ಲರನ್ನೂ ಮರದ ಆಚೆಗೆ ದಾಟಿಸಿ ಟ್ಯಾಕ್ಸಿ ಹತ್ತಿಸಿ ಬಂದಳು. ಸೀರೆಯೆಲ್ಲ ಕೆಸರು. ವಿಮಾನ ಸಿಕ್ಕಿತು.

ಮರುದಿನ ಮ್ಯಾನೇಜರ್ ಹೊಗಳಿದರು. ನಾನಾಗಿದ್ದರೆ ಅಷ್ಟಕ್ಕೇ ಖುಷಿಪಟ್ಟು ಹೊರಡುತ್ತಿದ್ದೆ.

“ಸಾರ್, ನನ್ನನ್ನ ಫ್ರಂಟ್ ಆಫೀಸಿಗೆ ಹಾಕಿ,” ಅಂದಳು.

“ನೋಡೋಣಮ್ಮ.”

“ಯಾವಾಗ ನೋಡ್ತೀರಾ ಸಾರ್? ಸೋಮವಾರದಿಂದ ಬರ್ಲಾ?”

ಅವರಿಗೆ ನಗು ತಡೆಯಲಾಗಲಿಲ್ಲ. ಸೋಮವಾರ ಅವಳು ನನ್ನ ಪಕ್ಕದಲ್ಲಿದ್ದಳು. ಕೆಲವೇ ವರ್ಷಗಳಲ್ಲಿ ನನಗಿಂತ ಮೇಲೇರಿದಳು. ಹೊಟ್ಟೆಕಿಚ್ಚು ಆಗಲಿಲ್ಲವೆಂದರೆ ಸುಳ್ಳು. ಆದರೆ ನನ್ನ ರಜೆಗೋಸ್ಕರ ಮಾಲೀಕರ ಹತ್ತಿರ ವಾದಿಸಿದವಳೂ ಅವಳೇ.

ಈಗ ಚೆಟ್ಟಳ್ಳಿಯ ಕಡೆ ಹೊಸ ರೆಸಾರ್ಟೊಂದಕ್ಕೆ ಅವಳೇ ಮ್ಯಾನೇಜರ್. ಮೊನ್ನೆ ನೋಡಲು ಹೋಗಿದ್ದೆ. ಬಾತ್‌ರೂಮಿನ ನೀರು ಸರಿಯಾಗಿ ಹರಿಯದ್ದಕ್ಕೆ ಕಂಟ್ರಾಕ್ಟರನ್ನು ಮಲಯಾಳದಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ನನ್ನನ್ನು ಕಂಡು, ಕೂತಿರಿ ಎಂದು ಕೈಸನ್ನೆ ಮಾಡಿ ಮತ್ತೆ ಶುರುಮಾಡಿದಳು. ಕಾಫಿ ಬಂತು. ನಾನು ಆರಾಮಾಗಿ ಕುಡಿಯುತ್ತಾ ಅವಳನ್ನೇ ನೋಡುತ್ತಿದ್ದೆ.