ಎಲೆ ತಿನ್ನುವ ಹೊತ್ತು

ಆಗ ನನಗೆ ಹದಿನೇಳು. ಅರವತ್ತು ವರ್ಷ ಕಳೆಯಿತು. ಆ ಪ್ರಾಯದಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಲು ನನಗೆ ಒಂದು ಉಸಿರು ಸಾಕಿತ್ತು. ಈಗ ಎಲೆಯ ನಾರು ತೆಗೆಯುವಷ್ಟರಲ್ಲಿ ಬಿಸಿಲು ಅಂಗಳ ದಾಟುತ್ತದೆ. ಮೊಮ್ಮಗಳು ನಗುತ್ತಾಳೆ. ನಗಲಿ. ಈ ನಿಧಾನ ಮುಪ್ಪಿನದೆಂದು ಅವಳ ಎಣಿಕೆ. ನಾನದನ್ನು ಬಂಟ್ವಾಳದ ಹೊಳೆಬದಿಯ ಹೆಂಚಿನ ಕಾರ್ಖಾನೆಯಲ್ಲಿ ಕಲಿತೆ, ನಾಚಿಕೆಪಟ್ಟು ಕಲಿತೆ.

ಹಸಿ ಹೆಂಚು ತಲೆಯ ಮೇಲೆ ಹೊತ್ತು ಒಣಗಿಸುವ ಅಟ್ಟಕ್ಕೆ ಸಾಗಿಸುವುದು ನಮ್ಮ ಹೆಂಗಸರ ಕೆಲಸ. ಉಳಿದವರು ಸಲಕ್ಕೆ ನಾಲ್ಕು ಹೊತ್ತರೆ ನಾನು ಆರು ಹೊತ್ತು ಓಡುತ್ತಿದ್ದೆ, ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದ ಹಾಗೆ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ ಕಮಲಕ್ಕ ಗೋಳಿಮರದಡಿ ಕೂತು ಎಲೆಯ ಚೀಲ ಬಿಚ್ಚಿದರೆ ಎಲ್ಲರೂ ಕೂರುವುದು, ಅವಳು ಎದ್ದರೆ ಏಳುವುದು. ಗಡಿಯಾರವಿಲ್ಲ. ಮಣ್ಣು ತರುವ ದೋಣಿಗಳು ಹೊಳೆಯಲ್ಲಿ ಸರಿಯುತ್ತಿದ್ದವೋ ನಿಂತಿದ್ದವೋ ತಿಳಿಯದು. ಹೆಂಚು ಸುಡುವ ಗೂಡಿನ ಹೊಗೆ ನೀರಿನೊಳಗಿಂದಲೂ ಏಳುವಂತೆ ತೋರುತ್ತಿತ್ತು. ಅರ್ಧಕ್ಕೆ ನಿಂತ ಮಾತನ್ನು ಯಾರೂ ಮುಗಿಸುತ್ತಿರಲಿಲ್ಲ. ಅಷ್ಟರಲ್ಲಿ ಕಮಲಕ್ಕನ ಸೊಂಟನೋವು ಇಳಿಯುತ್ತಿತ್ತು. ನಾನು ಮಾತ್ರ ಎಲೆಯನ್ನು ಬಾಯಿಗೆ ತುರುಕಿ ಓಡುತ್ತಿದ್ದೆ.

"ಓಡಬೇಡ ಮಾರಾಯ್ತಿ, ಹೆಂಚು ನಾಳೆಯೂ ಉಂಟು."

"ನಿಮಗೆ ಪ್ರಾಯ ಆಯ್ತು ಕಮಲಕ್ಕ, ನನಗೆ ಆಗ್ಲಿಲ್ಲ." ಬಾಯಿ ಆಗಲೂ ಹೀಗೆಯೇ.

ಒಂದು ತಿಂಗಳು ಮೇಸ್ತ್ರಿ ಸುಮ್ಮನೆ ನೋಡಿದ. ಒಂದು ಸಂಜೆ ಎಲ್ಲರನ್ನೂ ನಿಲ್ಲಿಸಿದ: "ಈ ಹುಡುಗಿಗೆ ಆರು ಆಗ್ತದೆ, ಕೂರ್ಲಿಕ್ಕೂ ಬೇಡ. ನಾಳೆ ನಾನೇ ನಿಂತು ನೋಡ್ತೇನೆ. ಇವಳಿಗೆ ಆದ್ರೆ ಎಲ್ಲರಿಗೂ ಆರು. ಮರದಡಿಯ ಸಭೆಯೂ ಬಂದ್."

ಆರು ಹೊತ್ತರೆ ಕಮಲಕ್ಕನ ಸೊಂಟ ಎರಡು ದಿನ ತಾಳದು, ಮೂರನೆಯ ದಿನ ಅವಳಿಗೆ ಕೆಲಸವಿಲ್ಲ. ಅದು ಎಲ್ಲರಿಗೂ ಗೊತ್ತು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡುತ್ತಿದ್ದೆ. ಮನೆಯ ದಾರಿಯಲ್ಲಿ ಕಮಲಕ್ಕ ಇಷ್ಟೇ ಕೇಳಿದಳು: "ನಿನಗೂ ಪ್ರಾಯ ಆಗ್ತದೆ ಹೆಣ್ಣೇ, ಆಗ ಎಲ್ಲಿ ಕೂರ್ತಿ?"

ಮದುವೆಯಾಗಿ ಮೂಡಬಿದಿರೆಗೆ ಹೋದ ಮೇಲೆ ಗೇರುಬೀಜ ಸುಲಿದೆ. ಅಲ್ಲಿ ಗಂಟೆ ಹೊಡೆದು ಕೂರಿಸುತ್ತಿದ್ದರು, ಗಂಟೆ ಹೊಡೆದು ಎಬ್ಬಿಸುತ್ತಿದ್ದರು. ವಿರಾಮ ಸಿಕ್ಕಿತು, ಹೊಳೆ ಸಿಗಲಿಲ್ಲ. ಓದುಬರಹ ಅಷ್ಟಕ್ಕಷ್ಟೇ ಆದ ನನಗೆ ಇದಕ್ಕಿಂತ ಚಂದಕ್ಕೆ ಹೇಳಲು ಬಾರದು. ಕೂರುವುದಕ್ಕೂ ಕೂರಿಸುವುದಕ್ಕೂ ಇರುವ ಅಂತರ ನೀವೇ ತಿಳಿದುಕೊಳ್ಳಿ.

ಹೆಂಚಿನ ಕಾರ್ಖಾನೆಯಲ್ಲಿ ಆ ಮರುದಿನ ಬೆಳಿಗ್ಗೆ, ಹೇಳಿದಂತೆಯೇ, ಮೇಸ್ತ್ರಿ ಕೈಕಟ್ಟಿ ನಿಂತಿದ್ದ. ನಾನು ನಾಲ್ಕೇ ಹೆಂಚು ಹೊತ್ತು ಮದುಮಗಳ ಹಾಗೆ ನಡೆದೆ. ಹೊತ್ತು ಏರಿದಾಗ, ಕಮಲಕ್ಕನಿಗಿಂತ ಮೊದಲೇ ಗೋಳಿಮರದಡಿ ಕೂತು, ಒಂದು ಎಲೆ ತೆಗೆದು, ಅದರ ನಾರನ್ನು ಒಂದೊಂದಾಗಿ ಬಿಡಿಸತೊಡಗಿದೆ.